ನೀವು ಬೆಳೆದ ಊರಿನ ಮೇಲೆ ಕವಿತೆ ಬರೆಯೋದು ಹೇಗೆ? ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಒಂದು ಮಾರ್ಗದರ್ಶಿ

"ನಮ್ಮೂರಿನ ಮೇಲೆ ಒಂದು ಕವಿತೆ ಬರೆಯಬೇಕು, ಎಲ್ಲಿಂದ ಶುರು ಮಾಡಲಿ?" ಅಕ್ಟೋಬರ್ ಬಂತೆಂದರೆ ಈ ಪ್ರಶ್ನೆ ಜಾಸ್ತಿಯಾಗುತ್ತದೆ. ನವೆಂಬರ್ 1ರ ಕವಿಗೋಷ್ಠಿಗೆ ಹೆಸರು ಕೊಟ್ಟಾಗಿರುತ್ತದೆ, ಕವಿತೆ ಇನ್ನೂ ಆಗಿರುವುದಿಲ್ಲ. ಕೇಳುವವರಲ್ಲಿ ಕಾಲೇಜಿನ ಹುಡುಗ ಹುಡುಗಿಯರಿದ್ದಾರೆ. ಪುಣೆ, ಹೈದರಾಬಾದ್, ಬೆಂಗಳೂರಿನಲ್ಲಿ ದುಡಿಯುತ್ತ ಊರು ನೆನೆಯುವವರಿದ್ದಾರೆ. ಈಗಷ್ಟೇ ನಿವೃತ್ತರಾದ ಮಾಸ್ತರರೂ ಇದ್ದಾರೆ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಅವರು ತೋರಿಸುವ ಮೊದಲ ಪ್ರತಿಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕೋಟೆ, ಶರಣರು, ದರ್ಗಾ, ತೊಗರಿ, ಬಿಸಿಲು ಇಷ್ಟೂ ಮೊದಲ ನುಡಿಯಲ್ಲೇ ಬಂದುಬಿಡುತ್ತವೆ. ಬರೆದವರಿಗೆ ಊರಿನ ಮೇಲೆ ಪ್ರೀತಿ ಇದೆ ಎಂದು ಗೊತ್ತಾಗುತ್ತದೆ. ಆದರೆ ಊರು ಕಾಣುವುದಿಲ್ಲ. ಊರಿನ ಕವಿತೆಗೆ ಊರಿನ ಹೆಸರು, ಹೆಮ್ಮೆ ಸಾಲದು. ನಿಮಗೆ ಮೈಯಿಂದ ಗೊತ್ತಿರುವ ಒಂದು ಜಾಗ ಬೇಕು, ಅಲ್ಲಿ ನಡೆಯುವ ಒಂದು ಕೆಲಸ ಬೇಕು, ಅಲ್ಲಿನ ಜನ ಆಡುವ ಮಾತು ಬೇಕು. ಮುಂದೆ ಹೇಳುವುದೆಲ್ಲ ಇದರ ಸುತ್ತಲೇ.

ಹೆದರಬೇಡಿ, ಈ ಕೆಲಸಕ್ಕೆ ನಮ್ಮ ಕಡೆ ಹಳೆಯ ಬೇರಿದೆ. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ. ಅದೇ ಒಂದು ಮಾರ್ಗದರ್ಶಿ. ಕವಿತೆ ಹೇಗೆ ಬರೆಯಬೇಕು, ಯಾವ ತಪ್ಪು ಮಾಡಬಾರದು ಎಂದು ಹೇಳಿಕೊಡುತ್ತದೆ. ಸುಮಾರು 850ರ ಹೊತ್ತಿಗೆ ರಾಷ್ಟ್ರಕೂಟರ ಆಸ್ಥಾನದಲ್ಲಿ ಅದು ಹುಟ್ಟಿತು. ಅವರ ರಾಜಧಾನಿ ಮಾನ್ಯಖೇಟ ಅಂದರೆ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆ. ಓದಿ ಕಲಿಯದವರೂ ಕವಿತೆಯಲ್ಲಿ ಪಳಗಿದ್ದಾರೆ ಎಂದು ಆ ಪುಸ್ತಕ ಕನ್ನಡದ ಜನರ ಬಗ್ಗೆ ಹೇಳುತ್ತದೆ. "ನಾನು ಕನ್ನಡ ಎಂ.ಎ. ಮಾಡಿಲ್ಲ, ನನಗೆ ಬರೆಯಲಿಕ್ಕೆ ಬರುತ್ತದಾ" ಎಂದು ಕೇಳುವವರಿಗೆ ಇಷ್ಟು ಸಾಕು ಅಲ್ವಾ?

ಮೊದಲು ಏನೇನು ಬೇಕು

ಒಂದು ನೋಟ್‌ಬುಕ್ಕು. ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡುವ ಸೌಲಭ್ಯ. ಮಾತಾಡಲಿಕ್ಕೆ ಊರಿನ ಒಬ್ಬರಾದರೂ ಹಿರಿಯರು. ಮೂರು ನಾಲ್ಕು ವಾರ ಸಮಯ. ಗೋಷ್ಠಿ ನಾಳೆಯೇ ಇದ್ದರೆ ಹಳೆಯ ಕವಿತೆಯೊಂದನ್ನು ಓದಿ ಬನ್ನಿ, ಊರಿನ ಕವಿತೆಗೆ ಆಮೇಲೆ ಕೂಡಿ.

1. ಊರನ್ನು ಚಿಕ್ಕದು ಮಾಡಿಕೊಳ್ಳಿ

ಕಲಬುರಗಿ ಅನ್ನುವುದು ಒಂದು ಕವಿತೆಗೆ ತುಂಬ ದೊಡ್ಡದು. ನಿಮ್ಮ ಹಳ್ಳಿಯೂ ದೊಡ್ಡದೇ. ಕಾಲೂರಿ ನಿಲ್ಲಬಹುದಾದ ಒಂದು ಜಾಗ ಆರಿಸಿಕೊಳ್ಳಿ. ಮನೆಯ ಮುಂದಿನ ಕಟ್ಟೆ, ಅಗಸಿ ಬಾಗಿಲು, ಹಿಟ್ಟಿನ ಗಿರಣಿ, ದಾಲ್ ಮಿಲ್ಲಿನ ಹಿಂದಿನ ಓಣಿ, ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮ್, ಭೀಮಾ ದಂಡೆಯಲ್ಲಿ ಬಟ್ಟೆ ಒಗೆಯುವ ಕಲ್ಲು, ಯಾವುದಾದರೂ ಆಗಬಹುದು.

ಜಾಗದ ಜೊತೆಗೆ ಹೊತ್ತನ್ನೂ ಗೊತ್ತು ಮಾಡಿ. ಯಾವ ತಿಂಗಳು? ಬೆಳಗೋ ಮಧ್ಯಾಹ್ನವೋ? ಆಗ ನಿಮ್ಮ ವಯಸ್ಸೆಷ್ಟು? ಎಂಟು ವರ್ಷದ ಹುಡುಗಿಗೆ ಕಾಣುವ ಗಿರಣಿ ಬೇರೆ, ಹದಿನೆಂಟು ವರ್ಷದವಳಿಗೆ ಕಾಣುವ ಗಿರಣಿ ಬೇರೆ.

ಹೆಸರಾದ ಜಾಗದ ಪಕ್ಕವೇ ನೀವು ಬೆಳೆದಿದ್ದರೆ ಇನ್ನೂ ಎಚ್ಚರ ಬೇಕು. ಬೀದರಿನಲ್ಲಿ ಬಿದರಿ ಕೆಲಸದವರ ಓಣಿಯಲ್ಲಿ ದೊಡ್ಡವರಾದವರು ಕೂಡ "ಕಪ್ಪು ಮೈಯಲ್ಲಿ ಬೆಳ್ಳಿಯ ಮಿಂಚು" ಎಂದು ಬರೆಯುತ್ತಾರೆ. ಅದನ್ನು ಅಂಗಡಿಗೆ ಬಂದ ಪ್ರವಾಸಿಗನೂ ಬರೆಯಬಲ್ಲ. ನಿಮಗೆ ಗೊತ್ತಿರುವುದು ಅದಕ್ಕಿಂತ ಜಾಸ್ತಿ. ಸತುವು ಮತ್ತು ತಾಮ್ರ ಕರಗಿಸಿ ಎರಕ ಹೊಯ್ದ ಪಾತ್ರೆ, ಅದರ ಮೈ ಕೊರೆಯುವ ಉಳಿಯ ಸದ್ದು, ಗೆರೆಯೊಳಗೆ ಬೆಳ್ಳಿ ತಂತಿ ಕೂಡಿಸುವಾಗ ಬಾಗಿದ ಕತ್ತು. ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿದ ನೀರಲ್ಲಿ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆ ಮಣ್ಣನ್ನು ಯಾರು ತರುತ್ತಿದ್ದರು? ಎಲ್ಲಿ ಇಡುತ್ತಿದ್ದರು? ನಿಮ್ಮ ಕವಿತೆ ಆ ಮೂಲೆಯಲ್ಲಿದೆ.

2. ಕವಿತೆ ಬೇಡ, ಪಟ್ಟಿ ಬರೆಯಿರಿ

ಮೊದಲ ವಾರ ಒಂದು ಸಾಲೂ ಕವಿತೆ ಬರೆಯಬೇಡಿ. ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ. ಆ ಜಾಗದ ಸಾಮಾನು, ಸದ್ದು, ವಾಸನೆ, ಅಲ್ಲಿ ಕಿವಿಗೆ ಬಿದ್ದ ಮಾತು, ಇವು ಒಂದೊಂದು ಪುಟಕ್ಕೆ. ಎಲ್ಲಕ್ಕಿಂತ ದೊಡ್ಡ ಪುಟವನ್ನು ಕೆಲಸಕ್ಕೆ ಬಿಡಿ.

ಯಾಕೆಂದರೆ ಊರು ಅಡಗಿರುವುದು ಕ್ರಿಯಾಪದದಲ್ಲಿ. ಹೊಸಬರು ಹೆಸರುಗಳನ್ನೇ ಗುಡ್ಡೆ ಹಾಕುತ್ತಾರೆ: ತೊಗರಿ, ಜೋಳ, ರೊಟ್ಟಿ, ಬಿಸಿಲು. ತೊಗರಿಯನ್ನು ಏನು ಮಾಡುತ್ತಾರೆ? ಕೊಯ್ಯುತ್ತಾರೆ, ಸಿವುಡು ಕಟ್ಟುತ್ತಾರೆ, ಬಡಿಯುತ್ತಾರೆ, ತೂರುತ್ತಾರೆ, ರಾಶಿ ಮಾಡುತ್ತಾರೆ, ಚೀಲ ತುಂಬಿ ಹೊಲಿಯುತ್ತಾರೆ. ಈಗ ಯಂತ್ರ ಬಂದು ಇದರಲ್ಲಿ ಕೆಲವು ಹೋಗಿವೆ, ಅದನ್ನೂ ಬರೆದುಕೊಳ್ಳಿ. ರೊಟ್ಟಿ ಬಡಿಯುವುದು, ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲುವುದು, ಮೊಹರಂಗೆ ಅಲಾಯಿ ಕುಣಿ ತೋಡುವುದು, ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವುದು, ಇವೆಲ್ಲ ಒಂದೊಂದು ಕವಿತೆಯ ಬೀಜ. ಬೇರೆ ಕಡೆಯ ಓದುಗರಿಗಾಗಿ ಹೇಳುವುದಾದರೆ, ಚರಗ ಅಂದರೆ ಹಬ್ಬದಡುಗೆಯನ್ನು ಹೊಲದ ತುಂಬ ಚೆಲ್ಲಿ ಭೂಮಿಗೆ ಉಣಿಸುವ ಪದ್ಧತಿ. ಅಲಾಯಿ ಕುಣಿ ಅಂದರೆ ಮೊಹರಂನಲ್ಲಿ ಬೆಂಕಿ ಹಾಕಿ, ಸುತ್ತ ಹೆಜ್ಜೆ ಹಾಕುವ ಗುಂಡಿ.

ಇಲ್ಲಿ ಒಂದು ಎಚ್ಚರಿಕೆ. ಕಾಲದ ಲೆಕ್ಕ ತಪ್ಪಿಸಬೇಡಿ. ತೊಗರಿ ಮಳೆಗಾಲದ ಶುರುವಿಗೆ ಬಿತ್ತಿ ಡಿಸೆಂಬರ್, ಜನವರಿಯಲ್ಲಿ ರಾಶಿಯಾಗುವ ಬೆಳೆ. ಬಿಳಿಜೋಳ ಹಿಂಗಾರಿ, ಅದರ ಸುಗ್ಗಿ ಫೆಬ್ರುವರಿ, ಮಾರ್ಚ್ ಕಡೆ. ಎರಡನ್ನೂ ಒಂದೇ ದಿನ ರಾಶಿ ಮಾಡಿಸಿದ ಕವಿತೆಯನ್ನು ಒಬ್ಬ ರೈತ ಕೇಳಿದರೆ ಅಲ್ಲಿಗೆ ನಿಮ್ಮ ಮೇಲಿನ ನಂಬಿಕೆ ಹೋಯಿತು. ಶರಣಬಸವೇಶ್ವರ ಜಾತ್ರೆ ಹೋಳಿಹುಣ್ಣಿಮೆಯಾದ ಐದನೇ ದಿನ, ಅಂದರೆ ಬಿಸಿಲು ಏರುವ ಹೊತ್ತು. ಮೊಹರಂ ಹಾಗಲ್ಲ, ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತ ಹೋಗುತ್ತದೆ. 1995ರಲ್ಲಿ ಅದು ಜೂನ್‌ನಲ್ಲಿ ಬಂದಿತ್ತು, 2009ರ ಕೊನೆಗೆ ಡಿಸೆಂಬರಿನಲ್ಲಿ. ನಿಮ್ಮ ಬಾಲ್ಯದ ಮೊಹರಂನಲ್ಲಿ ಚಳಿಗೆ ಕುಣಿಯ ಬೆಂಕಿ ಹಿತವಾಗಿತ್ತೋ, ಸೆಕೆಗೆ ಮೈ ಬೆವರಿತ್ತೋ ಲೆಕ್ಕ ಹಾಕಿ ನೋಡಿ. ನೆನಪು ಎಷ್ಟೋ ಸಲ ಎರಡು ಮೂರು ವರ್ಷಗಳನ್ನು ಕಲಸಿಬಿಟ್ಟಿರುತ್ತದೆ.

3. ಹಿರಿಯರ ಹತ್ತಿರ ಕೂಡಿ

"ನಮ್ಮೂರಿನ ಇತಿಹಾಸ ಹೇಳ್ರಿ" ಎಂದು ಕೇಳಿದರೆ ಅವರು ಪಠ್ಯಪುಸ್ತಕದ ಧಾಟಿಗೆ ಹೋಗಿಬಿಡುತ್ತಾರೆ. ಚಿಕ್ಕ ಪ್ರಶ್ನೆ ಕೇಳಿ. (ನಮ್ಮ ಕಡೆ ಮುತ್ಯಾ ಅಂದರೆ ಅಜ್ಜ, ಆಯಿ ಅಂದರೆ ಅಜ್ಜಿ.)

"ಮುತ್ಯಾ, ಈ ಕಟ್ಟಿ ಮ್ಯಾಲ ಮೊದ್ಲು ಯಾರ್ಯಾರು ಕೂಡ್ತಿದ್ರು?"

"ಆಯಿ, ನೀ ಬೀಸುವಾಗ ಯಾವ ಹಾಡು ಹಾಡ್ತಿದ್ದಿ?"

"ಹೊಳಿ ನೀರು ಎಲ್ಲಿತನ ಬಂದಿತ್ತು? ಗೋಡಿ ಮ್ಯಾಲ ಗುರ್ತು ಅದ ಏನು?"

ಭೀಮಾ ದಂಡೆಯ ಹಳ್ಳಿಗಳವರು 2020ರ ಅಕ್ಟೋಬರಿನ ಪ್ರವಾಹದ ಬಗ್ಗೆ ಹೀಗೇ ಕೇಳಿಕೊಳ್ಳಿ. ನೀರು ಇಳಿದ ಮೇಲೆ ಮೊದಲು ಯಾವ ಸಾಮಾನು ಹುಡುಕಿದರು ಎಂಬ ಒಂದೇ ಪ್ರಶ್ನೆಯಿಂದ ಎಷ್ಟೋ ಹೊರಗೆ ಬರುತ್ತದೆ.

ಹಾಡುಗಳನ್ನು ಕೇಳಿಸಿಕೊಳ್ಳುವುದು ಇನ್ನೂ ಮುಖ್ಯ. ನಮ್ಮ ಮೂರೂ ಜಿಲ್ಲೆಯಲ್ಲಿ ಹಾಡಿಗೆ ಬರವಿಲ್ಲ. ಬೀಸುವ ಪದ, ಸೋಬಾನೆ ಪದ, ಕಣದಲ್ಲಿ ಎತ್ತು ತಿರುಗಿಸುತ್ತ ಹಾಡುತ್ತಿದ್ದ ಹಂತಿ ಪದ, ಮೊಹರಂನ ರಿವಾಯತ್ ಪದ, ಭಜನೆಯಲ್ಲಿ ರಾತ್ರಿಯಿಡೀ ನಡೆಯುವ ತತ್ವಪದ. ತತ್ವಪದ ಅಂದರೆ ಗುರು, ದೇಹ, ಸಾವು ಇಂಥ ದೊಡ್ಡ ವಿಷಯಗಳನ್ನು ಮನೆಮಾತಿನಲ್ಲಿ ಕಟ್ಟಿ ಏಕತಾರಿ, ದಮ್ಮಡಿ ಮೇಲೆ ಹಾಡುವ ಪದ. ಕಡಕೋಳ ಮಡಿವಾಳಪ್ಪನವರು ಮತ್ತು ಅವರ ಶಿಷ್ಯ ಪರಂಪರೆ ಈ ಸೀಮೆಯಲ್ಲೇ ಬೆಳೆದದ್ದು. ಚೆನ್ನೂರ ಜಲಾಲಸಾಹೇಬರು ಆ ಶಿಷ್ಯರಲ್ಲಿ ಒಬ್ಬರು. ಭಜನೆ ನಡೆಯುವ ಕಡೆ ಒಂದು ರಾತ್ರಿ ಕೂತು ಬನ್ನಿ. ಅಕ್ಷರ ಬಾರದ ಹಾಡುಗಾರರೂ ಎಲ್ಲಿ ಉಸಿರು ನಿಲ್ಲಿಸುತ್ತಾರೆ, ಯಾವ ಸಾಲನ್ನು ಎರಡು ಸಲ ಹೇಳುತ್ತಾರೆ ಗಮನಿಸಿ. ಅದು ಯಾವ ತರಗತಿಯಲ್ಲೂ ಸಿಗುವುದಿಲ್ಲ.

ರೆಕಾರ್ಡ್ ಮಾಡುವ ಮೊದಲು ಕೇಳಿ, ಒಪ್ಪಿದರೆ ಮಾತ್ರ ಮಾಡಿ. ಅವರ ಹಾಡಿನ ಸಾಲನ್ನು ನಿಮ್ಮದೆಂದು ಕವಿತೆಯಲ್ಲಿ ಸೇರಿಸಬೇಡಿ. ಬೇಕೇ ಬೇಕಾದರೆ ಉದ್ಧರಣ ಚಿಹ್ನೆಯಲ್ಲಿಟ್ಟು, ಯಾರಿಂದ ಕೇಳಿದ್ದು ಎಂದು ಕೆಳಗೆ ಹೇಳಿ.

4. ಮೊದಲ ಪ್ರತಿ, ಮತ್ತು ಹೆಸರು ಬದಲಿಸುವ ಪರೀಕ್ಷೆ

ಈಗ ಬರೆಯಿರಿ. ಒಂದೇ ಕೂತ ಕಡೆ, ತಿದ್ದದೆ, ಮನಸ್ಸಿಗೆ ಬಂದ ಹಾಗೆ. ಆಮೇಲೆ ಅದಕ್ಕೆ ಒಂದು ಪರೀಕ್ಷೆ ಕೊಡಿ. ಒಂದು ಮಾದರಿ ನೋಡೋಣ. ಇಂಥ ಸಾಲುಗಳು ಬಹಳ ಬರುತ್ತವೆ ಎಂದು ನಾನೇ ಕಟ್ಟಿದ್ದು:

ನನ್ನೂರು ಕಲಬುರಗಿ ಪುಣ್ಯದ ಬೀಡು
ಶರಣರು ಸೂಫಿಗಳು ನಡೆದ ನಾಡು
ಬಿಸಿಲಲ್ಲಿ ಬೆಂದರೂ ಬಂಗಾರ ನೋಡು
ಎಂದೆಂದೂ ಮರೆಯದ ನನ್ನಯ ಗೂಡು

ಪ್ರಾಸ ಕೂಡಿದೆ, ಚಪ್ಪಾಳೆ ಬೀಳುತ್ತದೆ. ಈಗ ಕಲಬುರಗಿ ತೆಗೆದು ವಿಜಯಪುರ ಹಾಕಿ. ಹೊಂದುತ್ತದೆ. ಬೀದರ್ ಹಾಕಿ, ರಾಯಚೂರು ಹಾಕಿ, ಹೊಂದುತ್ತದೆ. ಊರಿನ ಹೆಸರು ಬದಲಿಸಿದರೂ ಅಲುಗದ ಕವಿತೆಯಲ್ಲಿ ಊರು ಇನ್ನೂ ಬಂದಿಲ್ಲ ಅಂತಲೇ ಅರ್ಥ.

ಇಂಥ ಪ್ರತಿ ಕೈಯಲ್ಲಿದ್ದರೆ ಹರಿಯಬೇಡಿ. ಅದರಲ್ಲಿ ನಿಮಗೆ ನಿಜಕ್ಕೂ ಗೊತ್ತಿರುವ ಒಂದು ಶಬ್ದ ಹುಡುಕಿ. ಇಲ್ಲಿ ಅದು "ಬಿಸಿಲು". ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅದು ಎಲ್ಲರಿಗೂ ಗೊತ್ತು. ನಿಮ್ಮ ಮನೆಯಲ್ಲಿ ಆ ಹೊತ್ತು ಏನು ನಡೆಯುತ್ತಿತ್ತು? ಪಟ್ಟಿಗೆ ಹಿಂತಿರುಗಿ. ಒಬ್ಬರ ಪಟ್ಟಿಯಲ್ಲಿ ಹೀಗಿರಬಹುದು: ಪಡಸಾಲೆಗೆ ಶಹಾಬಾದಿ ಪರ್ಸಿ. ಆಯಿ ನೀರು ಹೊಡೆದು ಅದರ ಮೇಲೆ ಮಲಗುವಳು. ಅಪ್ಪ ಗಣಿ ಕೆಲಸಕ್ಕೆ ಹೋಗುತ್ತಿದ್ದ. ಒಂದು ಕಲ್ಲಿನ ಮೂಲೆ ಒಡೆದಿತ್ತು.

ಪರ್ಸಿ ಅಂದರೆ ಶಹಾಬಾದ್, ವಾಡಿ, ಚಿತ್ತಾಪುರ ಸುತ್ತಲ ಗಣಿಗಳಲ್ಲಿ ಪದರು ಪದರಾಗಿ ಏಳುವ ಸುಣ್ಣದ ಕಲ್ಲು. ನಮ್ಮ ಕಡೆ ಮನೆಯ ನೆಲ, ಕಟ್ಟೆ, ಎಷ್ಟೋ ಕಡೆ ಗೋಡೆಯೂ ಅದೇ. ಆ ಪಟ್ಟಿಯಿಂದ ಹುಟ್ಟಬಹುದಾದ ಒಂದು ಕವಿತೆ:

ಬಿಸಲು ನೆತ್ತಿಗಿ ಬಂತಂದ್ರ
ಆಯಿ ಪಡಸಾಲಿಗಿ ತಂಬಿಗಿ ನೀರು ಹೊಡಿತಾಳ.
ಪರ್ಸಿ ಸುಂಯ್ ಅಂತದ.

ಅಪ್ಪ ಗಣಿಯಿಂದ ತಂದ ಕಲ್ಲು,
ಒಂದರ ಮೂಲಿ ಒಡದದ.
ಸಾಹುಕಾರ ಬ್ಯಾಡಂದದ್ದು
ನಮ್ಮನಿಗಿ ಬಂತು.

ಆಯಿ ಅದರ ಮ್ಯಾಲೇ ಮಲಗ್ತಾಳ,
ಒಡದ ಮೂಲಿಗಿ ಕೆನ್ನಿ ಹಚ್ಚಿ.

ಇದರಲ್ಲಿ ಊರಿನ ಹೆಸರೇ ಇಲ್ಲ. ಆದರೂ ಇದನ್ನು ಎತ್ತಿ ಮಲೆನಾಡಿಗೆ ಇಡಲಾಗುವುದಿಲ್ಲ. ಅಪ್ಪ ಬಡವ ಎಂದು ಹೇಳಿಲ್ಲ, ಸಾಹುಕಾರ ಬೇಡವೆಂದ ಕಲ್ಲು ಹೇಳುತ್ತದೆ. ಆಯಿಗೆ ಮಗನ ಮೇಲೆ ಎಷ್ಟು ಮಮತೆ ಎಂದೂ ಹೇಳಿಲ್ಲ. "ಹೊಡಿತಾಳ, ತಂದ, ಹಚ್ಚಿ", ಕೆಲಸದ ಶಬ್ದಗಳೇ ಕವಿತೆಯನ್ನು ಹೊತ್ತಿವೆ. ನಿಮ್ಮ ಪ್ರತಿಯಲ್ಲಿ "ಮಮತೆ, ಪ್ರೀತಿ, ನೋವು, ಹೆಮ್ಮೆ" ಎಂಬ ಶಬ್ದ ಇದ್ದಲ್ಲಿ ಗೆರೆ ಎಳೆದು, ಅದರ ಜಾಗಕ್ಕೆ ಯಾರಾದರೂ ಮಾಡಿದ ಒಂದು ಕೆಲಸ ಇಡಲು ಆಗುತ್ತದಾ ನೋಡಿ.

5. ಯಾವ ಕನ್ನಡದಲ್ಲಿ ಬರೆಯಬೇಕು?

ಅತಿ ಹೆಚ್ಚು ಜನ ಕೇಳುವುದು ಇದನ್ನೇ, ಹೆದರುವುದೂ ಇಲ್ಲೇ. "ನಮ್ಮ ಭಾಷಾದಾಗ ಬರದ್ರ ಬೆಂಗಳೂರಿನವರು ನಗ್ತಾರ" ಎಂದು ಒಬ್ಬರು, "ಪುಸ್ತಕದ ಭಾಷೆಯಲ್ಲಿ ಬರೆದರೆ ನಮ್ಮೂರಿನದೇ ಅನ್ನಿಸೋದಿಲ್ಲ" ಎಂದು ಇನ್ನೊಬ್ಬರು. ಮೂರು ದಾರಿಗಳಿವೆ.

ಮೊದಲನೆಯದು, ಪೂರ್ತಿ ಬರವಣಿಗೆಯ ಕನ್ನಡ. ದೂರದಲ್ಲಿದ್ದು ನೆನೆಯುವ ಕವಿತೆಗೆ ಇದು ಒಗ್ಗುತ್ತದೆ. ಎರಡನೆಯದು, ಪೂರ್ತಿ ಆಡುಮಾತು. ಕವಿತೆಯಲ್ಲಿ ಮಾತಾಡುವವರು ಊರಲ್ಲೇ ಇರುವವರಾದರೆ ಇದೇ ಸರಿ. ಮೂರನೆಯದು, ನಿರೂಪಣೆ ಬರವಣಿಗೆಯ ಕನ್ನಡದಲ್ಲಿ, ಜನರ ಮಾತು ಆಡುಮಾತಿನಲ್ಲಿ. ಹೊಸಬರಿಗೆ ನಾನು ಮೂರನೆಯದನ್ನೇ ಹೇಳುತ್ತೇನೆ. ಕೈ ಪಳಗಿದ ಮೇಲೆ ಎರಡನೆಯದಕ್ಕೆ ಹೋಗಿ.

ಯಾವುದನ್ನೇ ಆರಿಸಿ, ಕೊನೆತನಕ ಅದನ್ನೇ ಹಿಡಿಯಿರಿ. ಒಂದು ಸಾಲಲ್ಲಿ "ಹೋಗುತ್ತಾನೆ", ಮುಂದಿನ ಸಾಲಲ್ಲಿ ಕಾರಣವಿಲ್ಲದೆ "ಹೊಂಟಾನ" ಬಂದರೆ ಓದುವವರು ಎಡವುತ್ತಾರೆ.

ಎರಡನೇ ಎಚ್ಚರಿಕೆ ಇನ್ನೂ ದೊಡ್ಡದು. ಉತ್ತರ ಕರ್ನಾಟಕದ ಭಾಷೆ ಎಂದು ಸಿನಿಮಾ, ಟಿವಿಯಲ್ಲಿ ಕೇಳುವುದು ಬಹುತೇಕ ಧಾರವಾಡ, ಬಾಗಲಕೋಟೆ ಕಡೆಯದು. ಕಲಬುರಗಿಯವರು ಕವಿತೆ ಬರೆಯಲು ಕೂತಾಗ ಮನೆಯಲ್ಲಿ ಆಡುವುದನ್ನು ಬಿಟ್ಟು ಅದನ್ನು ಬರೆಯುತ್ತಾರೆ. ಅಲ್ಲಿ "ಐತಿ" ಇದ್ದರೆ ನಮ್ಮಲ್ಲಿ "ಅದ". ಅಲ್ಲಿ "ಮಾಡಾಕತ್ತಾನ", ನಮ್ಮಲ್ಲಿ "ಮಾಡ್ಲಕತ್ತಾನ". ನಮ್ಮೊಳಗೂ ಒಂದೇ ಇಲ್ಲ. ಬೀದರ್, ಭಾಲ್ಕಿ, ಔರಾದ್ ಕಡೆ ಮರಾಠಿಯ ಗಾಳಿ ಬೀಸುತ್ತದೆ, ಗುರುಮಠಕಲ್, ಸೇಡಂ ಕಡೆ ತೆಲುಗು. ಸುರಪುರದವರ ಮಾತು ರಾಯಚೂರಿನ ಮಗ್ಗುಲಿಗೆ ವಾಲುತ್ತದೆ. ದೇಸಿ ಬೇರೆ ಬೇರೆ ಇರುವುದರಿಂದ ಕನ್ನಡಗಳ ದೋಷ ಲೆಕ್ಕ ಹಾಕಲು ಹೊರಟರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರ ಬರುತ್ತದೆ ಎಂದು ಕವಿರಾಜಮಾರ್ಗವೇ ಹೇಳಿದೆ. ಅದಕ್ಕೇ, ನಿಮ್ಮ ಓಣಿಯ ಮಾತು ನಿಮಗೆ ಗೊತ್ತು. ಅದನ್ನೇ ಬರೆಯಿರಿ. ಸಂಶಯ ಬಂದರೆ ಮನೆಗೆ ಫೋನ್ ಹಚ್ಚಿ ಅವ್ವನ ಮಾತು ಕೇಳಿಸಿಕೊಳ್ಳಿ.

ಉರ್ದು, ದಖನಿ ಮೂಲದ ಶಬ್ದಗಳನ್ನು ಕವಿತೆಯಿಂದ ತೊಳೆದು ತೆಗೆಯುವ ಚಟವೂ ಕೆಲವರಿಗಿದೆ. ಈ ಮೂರು ಜಿಲ್ಲೆಗಳ ಸೀಮೆ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಆಡಳಿತದಲ್ಲಿತ್ತು, ಕಚೇರಿ ಶಾಲೆಗಳಲ್ಲಿ ಉರ್ದು ಇತ್ತು. ದವಾಖಾನೆ, ದರವಾಜ, ಜರಾ ಇವೆಲ್ಲ ನಮ್ಮ ಅಜ್ಜಿಯರ ಕನ್ನಡ. "ದವಾಖಾನಿಗಿ ಒಯ್ದ್ರು" ಎನ್ನುವ ಮುತ್ಯಾನ ಬಾಯಲ್ಲಿ "ಆಸ್ಪತ್ರೆಗೆ ಕರೆದೊಯ್ದರು" ಎಂದು ಹಾಕಿದರೆ ಆ ಮುತ್ಯಾ ಅಲ್ಲಿಂದ ಎದ್ದು ಹೋದಂತೆ.

ಕಾಗುಣಿತದ ಬಗ್ಗೆ ಒಂದು ಮಾತು. ಆಡುಮಾತಿಗೆ ಗೊತ್ತಾದ ಬರವಣಿಗೆ ಇಲ್ಲ. ಮ್ಯಾಲ ಎಂದೋ ಮ್ಯಾಗ ಎಂದೋ, ಕಿವಿಗೆ ಕೇಳಿದಂತೆ ಬರೆದು ಕವಿತೆಯುದ್ದಕ್ಕೂ ಹಾಗೇ ಇಡಿ. ಪ್ರತಿ ಶಬ್ದಕ್ಕೂ ಅಡಿಟಿಪ್ಪಣಿ ಬೇಡ. ಸಾಲಿನಿಂದಲೇ ಅರ್ಥ ಹೊಳೆಯದ ಒಂದೆರಡು ಶಬ್ದಕ್ಕೆ ಮಾತ್ರ ಕೊಡಿ.

6. ಲಯ

ಲಯ ಅಂದರೆ ಸಾಲಿನ ನಡಿಗೆ. ಅದನ್ನು ಅಳೆಯಲು ಮಾತ್ರೆ ಎಂಬ ಅಳತೆ ಇದೆ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘ ಅಕ್ಷರಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು ಮಾತ್ರೆ, ಅದು ಗುರು. ಹಾಗೆ ಎಣಿಸಿದರೆ ತೊಗರಿ ಮೂರು ಮಾತ್ರೆ, ಜೋಳ ಮೂರು, ರೊಟ್ಟಿ ಮೂರು, ಬಿಸಿಲು ಮೂರು. "ಹೊಡೆಯುತ್ತಾಳೆ" ಏಳು ಮಾತ್ರೆ, "ಹೊಡಿತಾಳ" ಐದೇ. ಆಡುಮಾತು ಆರಿಸಿದಾಗ ಸಾಲು ತಾನೇ ಚುರುಕಾಗುವುದು ಇದರಿಂದ. ಒಂದು ಕನ್ನಡದ ಸಾಲನ್ನು ಇನ್ನೊಂದಕ್ಕೆ ಬದಲಿಸಿದರೆ ಲಯವೂ ಬದಲಾಗುತ್ತದೆ ಎಂಬುದು ನೆನಪಿರಲಿ.

ಹಾಡಿನ ಕಟ್ಟು ಬೇಕೆಂದರೆ ತ್ರಿಪದಿ ಹಿಡಿಯಿರಿ. ಬೀಸುವ ಪದಗಳಲ್ಲಿ ಬಹಳಷ್ಟು ತ್ರಿಪದಿಯಲ್ಲೇ ಇವೆ. ಮೂರು ಸಾಲು, ಸಾಲಿಗೆ ಕ್ರಮವಾಗಿ ನಾಲ್ಕು, ನಾಲ್ಕು, ಮೂರು ಗಣ, ಒಟ್ಟು 11. ಗಣ ಅಂದರೆ ಅಕ್ಷರಗಳ ಒಂದು ಗುಂಪು. ಲೆಕ್ಕ ತಲೆಗೆ ಹತ್ತದಿದ್ದರೆ ಬಿಡಿ, ಆಯಿಯ ಹಾಡನ್ನೇ ನಾಲ್ಕು ಸಲ ಕೇಳಿ ಅದೇ ಧಾಟಿಗೆ ನಿಮ್ಮ ಶಬ್ದ ಕೂಡಿಸಿ. ಕಿವಿ ಎಣಿಸುತ್ತದೆ.

ಪ್ರಾಸ, ಮಾತ್ರೆಗಳ ಹಂಗು ಬೇಡ ಎನ್ನುವವರಿಗೆ ವಚನದ ದಾರಿ ಇದೆ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ನೇಕಾರರು, ಅಂಬಿಗರು, ಮಡಿವಾಳರು ತಮ್ಮ ಕಸುಬಿನ ಮಾತಲ್ಲೇ ವಚನ ಹೇಳಿದರು. ಆದರೆ ಕೊನೆಗೊಂದು ಅಂಕಿತ ಅಂಟಿಸಿದ ಮಾತ್ರಕ್ಕೆ ವಚನ ಆಗುವುದಿಲ್ಲ. ಅಂಕಿತ ಅಂದರೆ ವಚನಕಾರರು ಕೊನೆಯಲ್ಲಿ ಇಡುವ ಇಷ್ಟದೈವದ ಹೆಸರು. ವಚನದಿಂದ ಕಲಿಯಬೇಕಾದ್ದು ಆ ಬಿಗಿ, ಕಸುಬಿನ ಆ ಶಬ್ದ.

ಪ್ರಾಸಕ್ಕಾಗಿ ಸುಳ್ಳು ಹೇಳಬೇಡಿ. "ಕಾಡು" ಬೇಕೆಂದು ನಮ್ಮ ಬಯಲಿಗೆ ಕಾಡು ತಂದವರನ್ನು ಕಂಡಿದ್ದೇನೆ.

7. ತಿದ್ದುವಾಗ ನೋಡಬೇಕಾದ ಹಳ್ಳಗಳು

ಇತಿಹಾಸ ಸುರಿಯುವುದು. ಬಹಮನಿ ರಾಜ್ಯ 1347ರಲ್ಲಿ ಶುರುವಾಯಿತು, ಬೀದರಿನ ಮದರಸಾವನ್ನು ಮಹಮೂದ್ ಗವಾನ್ 1472ರ ಹೊತ್ತಿಗೆ ಕಟ್ಟಿಸಿದ, ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿತು. ಇವೆಲ್ಲ ನಿಜ, ತಿಳಿದಿರಬೇಕು. ಕವಿತೆಗೆ ಬರಬೇಕಾದರೆ ಮಾತ್ರ ನಿಮ್ಮ ಮೈಗೆ ತಾಗಿದ ಜಾಗದಿಂದ ಬರಬೇಕು. ಮದರಸಾದ ಗೋಡೆಯ ಬಣ್ಣದ ಹೆಂಚು ಅಲ್ಲಲ್ಲಿ ಇನ್ನೂ ಉಳಿದಿದೆ. ಅದರ ನೆರಳಲ್ಲಿ ನೀವು ಗೋಲಿ ಆಡಿದ್ದರೆ ಗೋಲಿಯಿಂದ ಶುರು ಮಾಡಿ.

ಭಾವೈಕ್ಯದ ಘೋಷಣೆ. ನಮ್ಮ ಕಡೆ ಎಲ್ಲರೂ ಕೂಡಿ ನಡೆದುಕೊಳ್ಳುವ ದರ್ಗಾಗಳಿವೆ, ತಿಂಥಣಿಯ ಮೌನೇಶ್ವರನಿದ್ದಾನೆ, ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಯಲ್ಲೂ ಮೊಹರಂ ನಡೆಯುತ್ತದೆ. ಇದು ನಮ್ಮ ನೆಲದ ದೊಡ್ಡ ಸಂಗತಿ. ಇದನ್ನು "ನಾವೆಲ್ಲ ಒಂದೇ" ಎಂದು ಕೂಗಿ ಹೇಳಿದರೆ ಸಣ್ಣದಾಗುತ್ತದೆ. ಕುಣಿ ತೋಡಲು ಗುದ್ದಲಿ ಯಾರ ಮನೆಯಿಂದ ಬಂತು, ಮಾದ್ಲಿ ಎಂಬ ಸಿಹಿ ಯಾರು ಕಟ್ಟಿ ಕೊಟ್ಟರು, ಅಷ್ಟು ಬರೆಯಿರಿ. ಉಳಿದದ್ದು ಓದುಗರಿಗೆ ಗೊತ್ತಾಗುತ್ತದೆ.

ಬಡತನ, ಬರವನ್ನು ಅಲಂಕಾರ ಮಾಡುವುದು. ಗುಳೆ ಹೋಗುವವರ ಬಗ್ಗೆ ಬರೆಯಿರಿ, ಬರೆಯಲೇಬೇಕು. ಆದರೆ ಅವರ ಕಣ್ಣೀರನ್ನು ನೀವು ಸುರಿಸಬೇಡಿ. ಮುಂಬೈ ರೈಲಿಗೆ ಅವರು ಏನೇನು ಕಟ್ಟಿಕೊಂಡು ಹೋಗುತ್ತಾರೆ, ಮನೆಯ ಕೀಲಿ ಯಾರ ಕೈಗೆ ಕೊಡುತ್ತಾರೆ ಎಂದು ನೋಡಿ.

ಹಿಂದೆಲ್ಲ ಚೆಂದ ಇತ್ತು ಎನ್ನುವುದು. ಬಾಲ್ಯದ ಊರಲ್ಲಿ ಯಾರಿಗೆ ಯಾವ ಬಾವಿಯ ನೀರು ಸೇದಲು ಬಿಡುತ್ತಿರಲಿಲ್ಲ ಎಂಬುದೂ ಇತ್ತು. ಅದನ್ನು ಮುಚ್ಚಿ ಬರೆದ ಕವಿತೆ ಅರ್ಧ ಊರನ್ನು ಹೊರಗೆ ನಿಲ್ಲಿಸುತ್ತದೆ.

ಇನ್ನೊಂದು: ನಿಮ್ಮ ಓಣಿಯ ಒಬ್ಬರ ಖಾಸಗಿ ದುಃಖವನ್ನು ಅವರ ಹೆಸರು ಸಮೇತ ಬರೆಯಬೇಡಿ. ಹೆಸರು ಬದಲಿಸಿ, ಗುರುತು ಬದಲಿಸಿ. ನೀವು ಊರು ಬಿಟ್ಟಿರಬಹುದು, ಅವರು ಅಲ್ಲೇ ಇದ್ದಾರೆ.

8. ಇಟ್ಟು ನೋಡಿ, ಓದಿ ಕೇಳಿಸಿ

ಒಂದು ವಾರ ಮುಟ್ಟಬೇಡಿ. ಆಮೇಲೆ ಜೋರಾಗಿ ಓದಿ. ನಾಲಿಗೆ ತೊಡರಿದಲ್ಲಿ ಗುರುತು ಮಾಡಿ. ಆ ಮೇಲೆ ಇಬ್ಬರಿಗೆ ಓದಿ ಹೇಳಿ. ಒಬ್ಬರು ನಿಮ್ಮ ಊರಿನವರೇ ಆಗಿರಲಿ, "ಹಿಂಗಿರಲಿಲ್ಲ ಅದು" ಎಂದು ತಿದ್ದುವವರು. ಇನ್ನೊಬ್ಬರು ನಮ್ಮ ಸೀಮೆ ಕಾಣದವರು, ಮೈಸೂರಿನವರೋ ಮಂಗಳೂರಿನವರೋ. ಅವರಿಗೆ "ಚೆನ್ನಾಗಿದೆಯಾ" ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಾರೆ. "ನಿಮಗೆ ಏನು ಕಾಣಿಸಿತು?" ಎಂದು ಕೇಳಿ. ನೀವು ಇಟ್ಟ ವಸ್ತುಗಳಲ್ಲಿ ಒಂದನ್ನಾದರೂ ಅವರು ತಾವಾಗಿ ಹೇಳಿದರೆ ಕವಿತೆ ಅವರಿಗೆ ಮುಟ್ಟಿದೆ. ಹೇಳದಿದ್ದರೆ ಎರಡನೇ ಹಂತಕ್ಕೆ ಹಿಂತಿರುಗಿ.

ಕೊನೆಯ ಸಾಲನ್ನು ಒಮ್ಮೆ ಮುಚ್ಚಿಕೊಂಡು ಓದಿ. ಎಷ್ಟೋ ಕವಿತೆಗಳು ಅದಕ್ಕಿಂತ ಒಂದು ಸಾಲು ಮೊದಲೇ ಮುಗಿದಿರುತ್ತವೆ.

9. ಎಲ್ಲಿ ಓದುವುದು, ಎಲ್ಲಿಗೆ ಕಳಿಸುವುದು

ಕನ್ನಡ ಸಾಹಿತ್ಯ ಪರಿಷತ್ತಿನ ಜಿಲ್ಲಾ, ತಾಲ್ಲೂಕು ಘಟಕಗಳು ಸಮ್ಮೇಳನ, ಕವಿಗೋಷ್ಠಿ ನಡೆಸುತ್ತವೆ. ಅಖಿಲ ಭಾರತ ಸಮ್ಮೇಳನವೇ 2006ರಲ್ಲಿ ಬೀದರಿಗೆ, 2020ರಲ್ಲಿ ಕಲಬುರಗಿಗೆ ಬಂದಿತ್ತು. ಮೊದಲ ಸಲಕ್ಕೆ ತಾಲ್ಲೂಕಿನ ಗೋಷ್ಠಿಯೇ ಒಳ್ಳೆಯದು, ಕೇಳುವವರು ನಿಮ್ಮ ಶಬ್ದ ಬಲ್ಲವರು. ಕಲಬುರಗಿ ಆಕಾಶವಾಣಿ ಕೇಂದ್ರವನ್ನೂ ವಿಚಾರಿಸಿ.

ಪತ್ರಿಕೆಗೆ ಕಳಿಸುವಾಗ ಯುನಿಕೋಡಿನಲ್ಲಿ ಟೈಪ್ ಮಾಡಿ. ಯುನಿಕೋಡ್ ಅಂದರೆ ಯಾವ ಫೋನು, ಕಂಪ್ಯೂಟರಿನಲ್ಲೂ ಅಕ್ಷರ ಕೆಡದೆ ತೆರೆಯುವ ವ್ಯವಸ್ಥೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ್ದರೆ ಯುನಿಕೋಡಿಗೆ ಬದಲಿಸಿ, ಆಮೇಲೆ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ಅಲ್ಲೇ ಹೆಚ್ಚು ತಪ್ಪು ನುಸುಳುತ್ತವೆ. ಆಡುಮಾತಿನ ಕವಿತೆಯಾದರೆ ಮೇಲೆ ಒಂದು ಸಾಲು ಬರೆಯಿರಿ: "ಕಾಗುಣಿತ ಉದ್ದೇಶಪೂರ್ವಕ, ದಯವಿಟ್ಟು ತಿದ್ದಬೇಡಿ." ಇಲ್ಲದಿದ್ದರೆ "ಅದ" ಎಂಬುದು ಅಚ್ಚಿಗೆ ಹೋಗುವಷ್ಟರಲ್ಲಿ "ಇದೆ" ಆಗಿರುತ್ತದೆ. ಒಂದೇ ಕವಿತೆಯನ್ನು ಒಂದೇ ಹೊತ್ತಿಗೆ ಎರಡು ಪತ್ರಿಕೆಗೆ ಕಳಿಸಬೇಡಿ. ಫೇಸ್‌ಬುಕ್ಕಿನಲ್ಲಿ ಹಾಕಿದ ಕವಿತೆಯನ್ನು ಹಲವು ಪತ್ರಿಕೆಗಳು ಪ್ರಕಟವಾದದ್ದೆಂದೇ ಎಣಿಸುತ್ತವೆ, ಮೊದಲೇ ಕೇಳಿಕೊಳ್ಳಿ.

ಪುಸ್ತಕಕ್ಕೆ ಆತುರ ಬೇಡ. ಸ್ವಂತ ದುಡ್ಡು ಸುರಿಯುವ ಮೊದಲು ಕನ್ನಡ ಪುಸ್ತಕ ಪ್ರಾಧಿಕಾರದ ಯೋಜನೆ ನೋಡಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಅದು ಪ್ರೋತ್ಸಾಹಧನ ಕೊಡುತ್ತದೆ, ಅರ್ಜಿ ಕರೆದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಹಸ್ತಪ್ರತಿ ಕೇಳುತ್ತಾರೆ. ಅದಕ್ಕೆ, ಬರೆದ ಪ್ರತಿ ಕವಿತೆಯ ಕೆಳಗೆ ದಿನಾಂಕ ಹಾಕಿ, ಒಂದು ಪ್ರತಿಯನ್ನು ಫೋನಿನ ಹೊರಗೂ ಇಡಿ.